ಎರಡು ಬಾಗಿಲಿನ ಕಾರಿನ ಕಿವಿರು

ಹಳೆ ಕಾರು ಕೊಳ್ಳಲು ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇಷ್ಟವಾದದ್ದನ್ನು ಮುಖದಲ್ಲಿ ತೋರಿಸಬೇಡಿ. ಈ ಬುದ್ಧಿ ನನಗೆ ಬಂದದ್ದು ಕಾರಿನ ವ್ಯಾಪಾರದಿಂದಲ್ಲ, ಮೀನಿನ ವ್ಯಾಪಾರದಿಂದ. ಅಮ್ಮ ಬೆಂಗ್ರೆಯಿಂದ ಹೊಳೆ ದಾಟಿ, ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಬಂದು ಮೀನು ಕೊಳ್ಳುತ್ತಿದ್ದರು, ಆಮೇಲೆ ಮನೆಮನೆಗೆ ಮಾರುತ್ತಿದ್ದರು. ಬಂಗುಡೆ ಮೀನು ತಾಜಾ ಇದ್ದು ಕಿವಿರು ದಾಸವಾಳದಂತೆ ಕೆಂಪಗಿದ್ದರೂ ಅದನ್ನು ಎತ್ತಿ ನೋಡಿ ಮೂಗು ಮುರಿಯುವುದು ಅವರ ಕ್ರಮ. "ಎಂತ, ಇದು ನಿನ್ನೆಯದ್ದಾ?" ಸುಳ್ಳೆಂದು ಮಾರುವವನಿಗೂ ಗೊತ್ತು. ಅವನು ಅಮ್ಮನ ಕಣ್ಣಿಗೆ ಕನ್ನಡಕ ಹಾಕಿಸಲು ಹೇಳುತ್ತಿದ್ದ, ಅಮ್ಮ ಅವನ ಮುದಿ ಮೀನಿಗೆ ಹಾಸಿಗೆ ಹಾಸಲು ಹೇಳುತ್ತಿದ್ದರು, ಬೆಲೆ ಇಳಿಯುತ್ತಿತ್ತು, ಇಬ್ಬರೂ ನಗುತ್ತಿದ್ದರು.

ಅದೇ ವಿದ್ಯೆ ಹಿಡಿದು ನಾನು ಒಂದು ಹಳೆ ಸ್ಕೂಟರಿನಿಂದ ಶುರು ಮಾಡಿದೆ. ಈಗ ಕಾವೂರಿನಲ್ಲಿ ಹಳೆ ಕಾರುಗಳ ಅಂಗಡಿ ಉಂಟು. ಹೆಂಗಸು ಎಂದು ನೋಡಿ ಟಯರು ಒದ್ದು ತೋರಿಸುವ ಗಿರಾಕಿಗಳು ಈಗಲೂ ಬರುತ್ತಾರೆ. ಒದೆಯಲಿ, ಟಯರಿಗೆ ನೋವಿಲ್ಲ.

ಕಳೆದ ವರ್ಷ ಪಣಂಬೂರಿನ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಬಂದರಿನ ಕ್ರೇನುಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತರಾದ ಇಂಜಿನಿಯರು. ಮೊಣಕಾಲಿನ ಆಪರೇಷನ್ ಆಗಿದೆ, ಅಷ್ಟು ತಗ್ಗಿನ ಕಾರಿನಲ್ಲಿ ಇನ್ನು ಕೂತು ಏಳಲು ಆಗುವುದಿಲ್ಲ, ಕೊಡುತ್ತೇನೆ ಎಂದರು. ಹೋದೆ. ಅವರು ಶೆಡ್ಡಿನ ಬಾಗಿಲು ಎತ್ತಿದರು.

ಕಡುನೀಲಿ ಬಣ್ಣ. ಉದ್ದ ಬಾನೆಟ್ಟು. ಅಲ್ಲಿಂದ ಮೇಲೇರಿದ ಗೆರೆ ಮಾಡಿನ, ಅಂದರೆ ಚಾವಣಿಯ, ಮೇಲಿಂದ ಹಾಯ್ದು, ಎಲ್ಲೂ ಮುರಿಯದೆ, ಹಿಂದಿನ ದೀಪದವರೆಗೆ ಇಳಿದಿತ್ತು. ಪೆನ್ಸಿಲ್ ಎತ್ತದೆ ಎಳೆದ ಹಾಗೆ. ಇದನ್ನು ಮಾರುವುದಿಲ್ಲ, ಇದು ನನಗೇ ಬೇಕು ಎಂದು ಅಲ್ಲಿಯೇ ನಿಶ್ಚಯವಾಯಿತು. ಇಷ್ಟು ವರ್ಷ ಊರಿಗೆಲ್ಲ ಕಾರು ಹುಡುಕಿ ಕೊಟ್ಟವಳು ನಾನು, ಓಡಾಡುವುದು ಮಾತ್ರ ಆ ವಾರ ಯಾರಿಗೂ ಬೇಡವಾದ ಕಾರಿನಲ್ಲಿ. ಗಂಡನಿಗೆ ಫೋಟೋ ಕಳಿಸಿದೆ. "ಎರಡೇ ಬಾಗಿಲಾ? ಇನ್ನೆರಡು ಆ ಸರ್ ಕೊಡುವುದಿಲ್ಲವಂತಾ ಮಾರಾಯ್ತಿ?" ಎಂದು ಉತ್ತರ ಬಂತು.

ಫೋನನ್ನು ಚೀಲಕ್ಕೆ ಹಾಕಿ ಮೂಗು ಮುರಿಯಲು ಶುರು ಮಾಡಿದೆ.

"ಸರ್, ಗಾಜು ಸಡಿಲ ಉಂಟು." ಬಾಗಿಲಿನ ಹಿಡಿ ಎಳೆದ ಕೂಡಲೇ ಗಾಜು ತಾನಾಗಿ ಅರ್ಧ ಬೆರಳಿನಷ್ಟು ಕೆಳಗೆ ಜಾರಿತ್ತು.

"ಸಡಿಲ ಅಲ್ಲ. ಈ ಬಾಗಿಲಿಗೆ ಮೇಲೆ ಚೌಕಟ್ಟಿಲ್ಲ, ಗಾಜು ನೇರವಾಗಿ ಮಾಡಿನ ರಬ್ಬರಿನೊಳಗೆ ಕೂರುತ್ತದೆ. ತೆಗೆಯುವಾಗ ಇಳಿಯಬೇಕು, ಮುಚ್ಚಿದ ಮೇಲೆ ಏರಬೇಕು."

"ಹಿಂದಿನ ಟಯರು ಮುಂದಿನದ್ದಕ್ಕಿಂತ ಅಗಲ. ಸಿಕ್ಕಿದ್ದನ್ನು ಹಾಕಿದ ಹಾಗೆ ಕಾಣ್ತದೆ."

"ಇಂಜಿನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ನೆಲ ಹಿಡಿಯಲು ಅಗಲ ಬೇಡವಾ?"

"ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರುವ ಹಾಗಿಲ್ಲ."

"ಮಾಡು ಹಾಗೆ ಇಳಿದದ್ದು ಗಾಳಿ ಜಾರಿ ಹೋಗಲಿಕ್ಕೆ, ನಿಮ್ಮ ಅತ್ತೆಗಲ್ಲ."

ಇದೊಂದೂ ನನಗೆ ಗೊತ್ತಿಲ್ಲದ್ದಲ್ಲ. ನಾನು ಕಿವಿರು ಎತ್ತುತ್ತಿದ್ದೆ, ಅಷ್ಟೆ. ಅವರು ತಿರುಗಿ ಬೈಯಬೇಕು, ನಾನೊಂದು ಅನ್ನಬೇಕು, ನಡುವೆ ಎಲ್ಲೋ ಬೆಲೆ ಕುದುರಬೇಕು. ಆದರೆ ದಕ್ಕೆಯ ಆಟ ಗೊತ್ತಿಲ್ಲದವರ ಜೊತೆ ಅದನ್ನು ಆಡಬಾರದು, ಇದನ್ನು ನೀವೂ ಬರೆದಿಟ್ಟುಕೊಳ್ಳಿ. ಅವರು ಬೈಯಲಿಲ್ಲ. ಶೆಡ್ಡಿನ ಬಾಗಿಲಿಗೆ ಕೈ ಹಾಕಿದರು.

"ಬೇಸರ ಮಾಡಬೇಡಿ ಅಕ್ಕ. ಇದು ಎಂತದ್ದೆಂದು ತಿಳಿಯದವರಿಗೆ ನಾನು ಕೊಡುವುದಿಲ್ಲ. ಹಣದ ವಿಷಯ ಅಲ್ಲ."

ಹಣದ ವಿಷಯ ಅಲ್ಲ ಎನ್ನುವವರ ಹತ್ತಿರ ನನ್ನ ಯಾವ ವಿದ್ಯೆಯೂ ನಡೆಯುವುದಿಲ್ಲ. ಬಾಗಿಲು ಅರ್ಧ ಇಳಿದಾಗಿತ್ತು. ನೀಲಿ ಬಾನೆಟ್ಟು ಕತ್ತಲಾಗುತ್ತಿತ್ತು.

"ಸರ್, ನಿಲ್ಲಿ," ಎಂದೆ. "ಇದಕ್ಕೆ ನಡುವಿನ ಕಂಬ ಇಲ್ಲ. ಎರಡೂ ಬದಿಯ ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಬಯಲು. ಕಂಬ ಇಲ್ಲದ್ದಕ್ಕೆ ಬೆಲ್ಟು ಕೈಗೆ ಸಿಗುವುದಿಲ್ಲ, ಅದನ್ನು ಮುಂದೆ ತಂದುಕೊಡಲಿಕ್ಕೆ ಸೀಟಿನ ಹಿಂದಿನಿಂದ ಒಂದು ಸಣ್ಣ ಕೈ ಬರುತ್ತದೆ. ಬಾನೆಟ್ಟು ಉದ್ದ ಇರುವುದು ಚಂದಕ್ಕೆ ಮಾತ್ರ ಅಲ್ಲ. ಇಂಜಿನನ್ನು ಹಿಂದೆ ಸರಿಸಿ ಭಾರ ಸಮ ಮಾಡಿದ್ದಾರೆ. ನನಗೆ ಇದು ಬೇಕು ಸರ್. ಅಂಗಡಿಗಲ್ಲ, ನನಗೆ."

ಅವರು ಬಾಗಿಲನ್ನು ಅರ್ಧಕ್ಕೇ ನಿಲ್ಲಿಸಿ ತಿರುಗಿದರು. "ಹಾಗಾದರೆ ಇಷ್ಟು ಹೊತ್ತು ಮಾತಾಡಿದ್ದು ಎಂತದ್ದು?"

"ವ್ಯಾಪಾರ ಸರ್."

ನಗು ಬಂದರೂ ತಡೆದುಕೊಂಡರು. ಬಾಗಿಲು ಮತ್ತೆ ಮೇಲೆ ಹೋಯಿತು. ಆಮೇಲೆ ಮೇಷ್ಟ್ರ ಹಾಗೆ ಕೇಳಿದರು, "ಕಂಬ ಹೊರಬೇಕಾದ ಭಾರ ಎಲ್ಲಿಗೆ ಹೋಗುತ್ತದೆ?"

"ಬಾಗಿಲಿನ ಕೆಳಗಿನ ದಪ್ಪ ಪಟ್ಟಿಗೆ. ಅದು ಒಳಗೆ ಪೊಳ್ಳು, ಪೆಟ್ಟಿಗೆಯ ಹಾಗೆ."

"ಅದನ್ನು ನೋಡಿದಿರಾ?"

ನೋಡಿರಲಿಲ್ಲ. ಅವರು ಮಾಡಿನ ಅಂಚು ಹಿಡಿದು ಕಾರನ್ನು ಮೆಲ್ಲಗೆ ಅಲುಗಾಡಿಸಿದರು. ಗುಳುಕ್ ಎಂದಿತು. ದೋಣಿಯ ಅಡಿಯಲ್ಲಿ ನೀರು ನಿಂತಾಗ ಬರುವ ಸದ್ದು. ನಾನು ಬಾಗಿಲು ತೆಗೆದು ಮುಚ್ಚಿ ಮಾಡುವಾಗಲೂ ಅದು ಬಂದಿರಬೇಕು. ಬೆಂಗ್ರೆಯಲ್ಲಿ ಹುಟ್ಟಿದವಳ ಕಿವಿಗೆ ಬೀಳಲಿಲ್ಲ, ಯಾಕೆಂದರೆ ಇಲ್ಲದ ದೋಷ ಹೇಳುವುದರಲ್ಲಿ ಬಾಯಿಗೆ ಪುರುಸೊತ್ತಿರಲಿಲ್ಲ.

"ಆಪರೇಷನ್ ಆದ ಮೇಲೆ ಬಗ್ಗಲಿಕ್ಕೆ ಆಗಲಿಲ್ಲ," ಎಂದರು ಅವರು. "ಈ ಮಳೆಗಾಲ ಪೂರ್ತಿ ಹಾಗೇ ಉಂಟು. ನಿಜವಾದ ದೋಷ ಇದು ಒಂದೇ."

ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಕೇಳಿದೆ. ಚೂಡಿದಾರಿನ ಶಾಲನ್ನು ಸೊಂಟಕ್ಕೆ ಕಟ್ಟಿ ನೆಲದ ಮೇಲೆ ಮಲಗಿದೆ. ಪಟ್ಟಿಯ ಅಡಿಯಲ್ಲಿ ನೀರು ಹೋಗುವ ತೂತುಗಳು ಮಣ್ಣು, ಎಲೆ ಸೇರಿ ಮುಚ್ಚಿಹೋಗಿದ್ದವು. ಎರಡನೆಯದಕ್ಕೆ ಕಡ್ಡಿ ಹಾಕುವಾಗ ಚಹಾದ ಬಣ್ಣದ ನೀರು ನನ್ನ ಅಂಗಿಯ ತೋಳಿನೊಳಗೆ ಇಳಿದು ಬೆನ್ನಿನವರೆಗೆ ಹೋಯಿತು. "ಅಯ್ಯೋ, ಬಟ್ಟೆ!" ಎಂದರು. ಬಟ್ಟೆ ಹೋಗಲಿ ಎಂದು ಟಾರ್ಚ್ ಹಿಡಿದು, ಪಟ್ಟಿಯನ್ನು ಉದ್ದಕ್ಕೂ ಗೆಣ್ಣಿನಿಂದ ಕುಟ್ಟುತ್ತಾ ಹೋದೆ. ಒಂದು ಮೂಲೆಯಲ್ಲಿ ಮಾತ್ರ ಒಳಗಿನ ತುಕ್ಕಿಗೆ ಬಣ್ಣ ಉಬ್ಬಿತ್ತು. ಉಳಿದ ಕಡೆ ತಗಡು ಗಟ್ಟಿ ಸದ್ದು ಕೊಟ್ಟಿತು. ನಮ್ಮ ಕಡಲ ಗಾಳಿಯಲ್ಲಿ ಹಳೆ ಕಾರು ಕೊಳ್ಳುವವರು ಸ್ಟೀರಿಯೋ ಕೇಳುವ ಮೊದಲು ಹೀಗೆ ಮಲಗಿ ನೋಡಬೇಕು. ಬೆನ್ನಿನ ಕೊಳೆ ಒಗೆದರೆ ಹೋಗುತ್ತದೆ, ತುಕ್ಕು ಹೋಗುವುದಿಲ್ಲ.

ಎದ್ದು ನಿಂತಾಗ ಅವರು ಒಂದು ಟವೆಲ್ ಕೊಟ್ಟರು. "ಈಗ ದೋಷ ಸಿಕ್ಕಿತಲ್ಲ. ಎಷ್ಟು ಇಳಿಸಬೇಕು?"

ಅರ್ಧಕ್ಕೆ ಇಳಿಸಬಹುದಿತ್ತು. ಬೇರೆಯವರಿಗಾಗಿ ಕೊಳ್ಳುವುದಾಗಿದ್ದರೆ ಇಳಿಸುತ್ತಲೂ ಇದ್ದೆ. "ಆ ಮೂಲೆ ಸರಿ ಮಾಡಿಸುವ ಖರ್ಚು ಕಳೆಯಿರಿ ಸರ್. ಉಳಿದದ್ದು ನೀವು ಫೋನಿನಲ್ಲಿ ಹೇಳಿದ ಬೆಲೆಯೇ."

"ಮತ್ತೆ ಮಾರುವುದಿಲ್ಲವಲ್ಲ?"

"ನನಗೆ ಇನ್ನೂ ಮೊಣಕಾಲು ಗಟ್ಟಿ ಉಂಟು."

ಆಗ ಬಾಯಿ ತುಂಬಾ ನಕ್ಕು ಕೀಲಿಕೈ ಕೊಟ್ಟರು. ಓಡಿಸಿ ನೋಡಲು ಅವರನ್ನೂ ಕರೆದೆ. ಕೂರುವಾಗ ಒಂದು ಕೈ ಬಾಗಿಲಿಗೆ, ಒಂದು ಕೈ ನನ್ನ ಹೆಗಲಿಗೆ. ಹೆದ್ದಾರಿಯಲ್ಲಿ ನಾನು ಹೊಸ ಸೊಸೆಯ ಹಾಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಒಂದು ಸಿಟಿ ಬಸ್ಸು ಹಾರ್ನ್ ಬಡಿದು ಮುಂದೆ ಹೋಯಿತು.

"ಎಂತ ಅಕ್ಕ," ಎಂದರು ಅವರು, ಬೆಲ್ಟಿನ ಮೇಲೆ ಕೈ ಇಟ್ಟುಕೊಂಡು, "ಸ್ವಲ್ಪ ಆಕ್ಸಿಲರೇಟರ್ ಒತ್ತಿ."

ಒತ್ತಿದೆ.