ಕೊಲೆಗಾರ ಸಿಗುವವರೆಗೆ ಬಸ್ಸು ಹತ್ತುವಂತಿಲ್ಲ

ಬೆಳಿಗ್ಗೆ ಇಡ್ಲಿ ಹಿಟ್ಟು ರುಬ್ಬಿಟ್ಟೆ, ದಿಂಬಿನ ಕವರು ಒಗೆದೆ, ರೇಷನ್ ಅಕ್ಕಿ ಕೇರಿದೆ, ಗ್ಯಾಸ್ ಬುಕ್ ಮಾಡಿದೆ. ಮಧ್ಯಾಹ್ನ ತಾರಮಂಗಲದ ಪೇಟೆಯಲ್ಲಿ ಸೋಪು ಕೊಳ್ಳುತ್ತಿದ್ದಾಗ ಪಕ್ಕದ ಅಂಗಡಿಯವನು ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವೈರಿನ ಹೊಸ ಕಟ್ಟು ಬಿಚ್ಚಿದ. ಆ ವಾಸನೆ... ಎದುರು ಮನೆಯ ಅತ್ತೆ ಬಂದು ಪಕ್ಕದಲ್ಲಿ ನಿಂತಂತಾಯಿತು.

ನಂಗವಳ್ಳಿಯಲ್ಲಿ ನನ್ನ ತವರಿನ ಎದುರಿಗೇ ಅವರ ಮನೆ. ನೆಂಟಸ್ತನವೇನಿಲ್ಲ, ಬೀದಿಗೆಲ್ಲ ಅತ್ತೆ. ಊರು ತಮಿಳು ಸೀಮೆಯದಾದರೂ ನಮ್ಮ ಬೀದಿಯವರ ಮನೆಮಾತು ಕನ್ನಡ. ಮಧ್ಯಾಹ್ನ ಅವರ ಜಗಲಿಯಲ್ಲಿ ನಾವು ನಾಲ್ಕೈದು ಹೆಂಗಸರು ವೈರ್ ಬುಟ್ಟಿ ಹೆಣೆಯುತ್ತಿದ್ದೆವು. ಅತ್ತೆ ಲೈಬ್ರರಿಯಿಂದ ತಂದ ತಮಿಳು ಪುಸ್ತಕವನ್ನು ಕಣ್ಣಲ್ಲಿ ತಮಿಳಿನಲ್ಲಿ ಓದಿ, ಬಾಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು. ಒಂದೇ ನಿಯಮ: "ಕೈ ನಿಂತ್ರೆ ಕತೆ ನಿಲ್ತೈತೆ."

ಮದುವೆಯಾದ ವರ್ಷ, ಹೊಸ ಸೊಸೆಯರನ್ನು ತವರಿಗೆ ಕಳಿಸುವ ಆಡಿ ತಿಂಗಳಲ್ಲಿ ನಾನೂ ಬಂದಿದ್ದೆ. ಆಗ ಓದುತ್ತಿದ್ದದ್ದು ತಮಿಳಿಗೆ ಅನುವಾದವಾದ ಯಾವುದೋ ಚಳಿದೇಶದ ಕಾದಂಬರಿ. ಕೂಡಿ ಕೂತು ಸ್ವೆಟರ್ ಹೆಣೆಯುವ ಹೆಂಗಸರ ಗುಂಪು. ಅವರಲ್ಲೊಬ್ಬಳು ಟೀ ಕುಡಿದು ಸಾಯುತ್ತಾಳೆ. ಪೊಲೀಸರಿಗೆ ತಿಳಿಯದ್ದನ್ನು ಉಳಿದವರು ಉಲ್ಲನ್ ಸುತ್ತುತ್ತಲೇ ಕಂಡುಹಿಡಿಯಬೇಕು. ರಕ್ತಗಿಕ್ತ ಇಲ್ಲ, ಬರೀ ಕೇಕು, ಬೆಕ್ಕು, ಚಾಡಿಮಾತು. ಆ ಹೆಸರುಗಳು ನಾಲಿಗೆಗೆ ಹೊರಳದೆ ಅತ್ತೆ ಎಲ್ಲರನ್ನೂ ಕೇಕಿನಜ್ಜಿ, ಬೆಕ್ಕಿನಕ್ಕ, ಡಾಕ್ಟ್ರಣ್ಣ ಮಾಡಿಬಿಟ್ಟಿದ್ದರು. ನಮಗೆಲ್ಲ ಕೇಕಿನಜ್ಜಿಯ ಮೇಲೇ ಅನುಮಾನ.

"ಸುಮ್ನಿರ್ರೇ, ಬೇಯ್ಸಿ ಆಕೋ ಕೈ ಅಂಗೆಲ್ಲ ಮಾಡಲ್ಲ," ಎಂದು ಅತ್ತೆ ವಾದಿಸುವರು. ಕಡೆಯ ಪುಟ ನೋಡಿ ಎಂದರೆ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು.

ಆಡಿ ಮುಗಿಯಿತು. ಕೊನೆಯ ಅಧ್ಯಾಯ ಉಳಿದಿರುವಾಗಲೇ ನಮ್ಮವರು ಶಂಕಗಿರಿಯಿಂದ ಕರೆದೊಯ್ಯಲು ಬಂದರು. ಲಾರಿ ಶೆಡ್ಡಿನಲ್ಲಿ ಕೆಲಸ, ಮಾತು ಕಮ್ಮಿ. ಎಂಥ ಮನುಷ್ಯ ಎಂದು ನನಗಿನ್ನೂ ತಿಳಿದಿರಲಿಲ್ಲ. ಕತೆ ಬಿಟ್ಟು ಹೋಗಬೇಕಲ್ಲ ಎಂದು ಅಳು ಬರುವಂತಾಗಿತ್ತು, ಹೇಳಲು ಧೈರ್ಯವಿಲ್ಲ.

ಅತ್ತೆಯೇ ಕೂಗಿದರು. "ಬನ್ನಿ ಅಳಿಯಂದ್ರೇ, ಕೂತ್ಕಳಿ. ಕೊಲೆಗಾರ ಸಿಗ್ಲಿ, ಆಮ್ಯಾಕೆ ಓಗೀರಂತೆ."

"ಬಸ್ಸೈತೆ ಅತ್ತೆ..."

"ಬಸ್ಸು ದಿನಾ ಬತ್ತೈತೆ. ಸುಮ್ನೆ ಕೂರಂಗಿಲ್ಲ, ಇಡೀರಿ ಇದ್ನ," ಎಂದು ಅರ್ಧ ಹೆಣೆದ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟರು.

ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡೆವು. ನಮ್ಮವರು ಸ್ವಲ್ಪ ಹೊತ್ತು ವೈರನ್ನೇ ನೋಡಿ, ಲಾರಿಯ ಟಾರ್ಪಾಲಿಗೆ ಹಗ್ಗ ಬಿಗಿಯುವಂತೆ ಒಂದು ಗಂಟು ಹಾಕಿದರು.

"ಅಯ್ಯೋ, ಇದು ಬುಟ್ಟಿಯಾ, ಲೋಡಾ?" ಎಂದಳು ಪಕ್ಕದ ಮನೆಯ ಅಕ್ಕ.

ಅತ್ತೆ ಓದತೊಡಗಿದರು. ಒಂದೆರಡು ಪುಟವಾಗಿರಬೇಕು, ನಮ್ಮವರು ತಲೆಯೆತ್ತದೆ ಕೇಳಿದರು: "ಈ ಕೇಕಿನಜ್ಜಿ ಯಾರು?"

ಅಷ್ಟೇ! ಎಲ್ಲರೂ ಒಟ್ಟಿಗೆ ಬಾಯಿ ಹಾಕಿ ಮೊದಲಿನಿಂದ ಹೇಳಿದೆವು. ಬೀದಿಯ ಕೊನೆಯಲ್ಲಿ ಶಂಕಗಿರಿ ಬಸ್ಸು ಹಾರ್ನ್ ಹೊಡೆಯಿತು. ನಾನು ಅವರ ಮುಖ ನೋಡಿದೆ.

"ಓಗ್ಲಿ ಬುಡು. ಟೀ ಯಾರು ಕಾಸಿದ್ದು? ಅದೇಳು."

ಈ ಮನುಷ್ಯನ ಜೊತೆ ಬಾಳಬಹುದು ಎಂದು ನನಗೆ ಧೈರ್ಯ ಬಂದದ್ದು ಆವತ್ತೇ.

ಕೊನೆಗೆ ಡಾಕ್ಟ್ರಣ್ಣ ಸಿಕ್ಕಿಬಿದ್ದ. ಅತ್ತೆ ಪುಸ್ತಕ ಎತ್ತಿ ಹಿಡಿದು, "ನಾನೇಳ್ಲಿಲ್ವಾ ಅಜ್ಜಿ ಅಲ್ಲ ಅಂತ!" ಎಂದು ಕುಣಿದೇಬಿಟ್ಟರು.

ಅತ್ತೆ ತೀರಿಕೊಂಡು ವರ್ಷಗಳಾದವು. ಆ ಬೀದಿಯ ಮಕ್ಕಳಿಗೆ ಈಗ ತಮಿಳೇ ಸಲೀಸು; ಕತೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಬಾಯಿ ಅವರೊಂದಿಗೇ ಹೋಯಿತು... ಇವತ್ತು ರಾಗಿಮುದ್ದೆ, ಹುರುಳಿ ಸಾರು ಊಟವಾದ ಮೇಲೆ ಫೋನಿನಲ್ಲಿ ಒಂದು ತಮಿಳು ಪತ್ತೇದಾರಿ ಕತೆ ತೆಗೆದು, ನನಗೆ ಬಂದ ಹಾಗೆ ಕನ್ನಡದಲ್ಲಿ ಹೇಳಿದೆ. "ಅಡುಗೆಯವ್ಳ ಮ್ಯಾಲೆ ನಂಗೆ ಡೌಟು," ಎಂದ ನಮ್ಮವರು, ಕೊಲೆಯಾಗುವ ಮೊದಲೇ ನಿದ್ದೆ ಹೋದರು.