ಕೆಳಗಿಳಿಯದ ಕಾಡು

ನಾನು ಒಂದು ಗಂಟು ಬಿಚ್ಚಬೇಕಾಗಿತ್ತು. ಬಿಚ್ಚಲಿಲ್ಲ. ಬಿಚ್ಚಿದೆ ಎಂದು ತಮ್ಮನಿಗೆ ಹೇಳಿದೆ. ಆಮೇಲೆ ಎಷ್ಟೋ ವರ್ಷ ಅವನೆದುರು ಒಂದು ಕಡೆ ಕೂರಲಿಕ್ಕೆ ನನ್ನಿಂದ ಆಗಲಿಲ್ಲ. ಅವನು ಒಳಗೆ ಬಂದರೆ ನೀರು ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ. ಧಾರವಾಡದಲ್ಲಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ತಿಳಿದಂತೆ ಬರೆಯುತ್ತೇನೆ.

ಗಂಡ ತೀರಿಕೊಂಡ ಮೇಲೆ ಪುಣೆಗೆ ತಮ್ಮನ ಹತ್ತಿರ ಬಂದೆ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಶನಿವಾರ ಪೇಟೆಯ, ಹಲವು ಬಿಡಾರಗಳಿದ್ದ ಹಳೇ ವಾಡೆಯೊಂದರಲ್ಲಿ ಮೇಲಿನ ಎರಡು ಕೋಣೆ ನಮ್ಮವು. ಮುಂದೆ ಅಂಗಳದ ಕಡೆಗೆ ಮರದ ಗ್ಯಾಲರಿ. ತಮ್ಮ ಹಗಲೆಲ್ಲ ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ಮನಸ್ಸು ಮಾತ್ರ ನಾಟಕದ ಪರದೆಗಳಲ್ಲಿ. ಪರದೆಯ ಬಟ್ಟೆಯನ್ನು ನಾನು ಹೊಲಿದು ಜೋಡಿಸುತ್ತಿದ್ದೆ. ದರ್ಬಾರಿನ ಪರದೆ ಬರೆಯುವಾಗ ನಡುವೆ ಮೊಳೆ ಹೊಡೆದು, ಅದಕ್ಕೆ ಇದ್ದಿಲು ತಿಕ್ಕಿದ ದಾರ ಕಟ್ಟಿ, ಇನ್ನೊಂದು ತುದಿ ನನ್ನ ಕೈಗೆ ಕೊಡುತ್ತಿದ್ದ. ದಾರ ಮೀಟಿದರೆ ಗೆರೆ ಬೀಳುತ್ತಿತ್ತು. ಕಂಬ, ಮಾಳಿಗೆ, ನೆಲದ ಕಲ್ಲು, ಎಲ್ಲದರ ಗೆರೆಯೂ ಆ ಮೊಳೆಗೇ ಓಡಬೇಕು. ಇದು ಬಹಳ ಹಿಂದೆ ಇಟಲಿಯವರು ಕಂಡುಕೊಂಡ ಪದ್ಧತಿ ಎಂದು ಅವನೇ ಹೇಳಿದ್ದು.

ಒಂದು ಸಂಜೆ ಲಷ್ಕರ ಎನ್ನುವ ದಂಡಿನ ಪೇಟೆಯ ಹಳೇ ಪುಸ್ತಕದಂಗಡಿಯಿಂದ ಹಾಳೆ ಬಿಚ್ಚಿಹೋದ ವಿಲಾಯತಿ ಚಿತ್ರಪುಸ್ತಕ ತಂದ. ಆವತ್ತಿನಿಂದ ಅವನಿಗೆ ನಿಂತಲ್ಲಿ ನೆಲೆಯಿಲ್ಲ. ಫ್ರಾನ್ಸಿನಲ್ಲಿ ಕೆಲವರು ಕೋಣೆ ಬಿಟ್ಟು ಹೊಲಕ್ಕೆ ಹೋಗಿ, ಗಿಡವನ್ನಲ್ಲ, ಗಿಡದ ಮೇಲಿನ ಬಿಸಿಲನ್ನು ಬರೆದರಂತೆ. ಅವರ ನಂತರದವರು ಹೂಜಿಯನ್ನೂ ಮನುಷ್ಯನನ್ನೂ ಚೂರುಚೂರು ಮಾಡಿ ಬರೆದಿದ್ದರು.

"ಇದೇನು, ಒಡದ ಕನ್ನಡಿ ಇದ್ಹಂಗದ" ಎಂದೆ.

"ನಗಬ್ಯಾಡ. ಒಂದ ಕಡೆ ನಿಂತು ನೋಡೋದು ಅವರಿಗೆ ಬ್ಯಾಸರಾಗ್ಯದ. ನಿನ್ನಂಗ. ನೀ ಎಲ್ಲೆರ ಒಂದು ಕಡೆ ಕೂಡ್ತಿಯೇನು?"

ರಜೆಯ ದಿನ ಬಣ್ಣದ ಡಬ್ಬಿ ಹಿಡಿದು ಕೋಥರೂಡದ ಹೊಲಗಳಿಗೆ ಹೋಗಿಬಿಡುತ್ತಿದ್ದ. ಒಮ್ಮೆ ಪರ್ವತಿ ಗುಡ್ಡ ಹತ್ತಿದಾಗ ಮೇಲಿಂದ ಊರು ತೋರಿಸಿ ಕೇಳಿದ: "ನಮ್ಮ ಪೇಟೆ ಕಾಣ್ತದೇನು?"

"ಅಗೋ ಅಲ್ಲೆ, ಕೆಂಪಗ."

"ಹಂಚು ಕಾಣ್ತಾವೇನು, ಒಂದೊಂದ?"

"ಇಷ್ಟು ದೂರದಿಂದ ಹ್ಯಾಂಗ ಕಾಣ್ತಾವೋ?"

"ಮತ್ತ ಕಾಣದ ಹಂಚು ನಾ ಯಾಕ ಬರೀಬೇಕು?"

ಅವನ ಮಾತು ನನಗೆ ಅಲ್ಲಿಯೇ ಅರ್ಥವಾಯಿತು. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಆ ವರ್ಷ ನಮ್ಮ ಕಡೆಯ ಕನ್ನಡ ನಾಟಕ ಕಂಪನಿಯೊಂದು ಪುಣೆಯಲ್ಲಿ ಬಿಡಾರ ಹೂಡಿತ್ತು. ಅದರ ಮ್ಯಾನೇಜರರು ತಮ್ಮನಿಗೆ ಒಂದು ಕಾಡಿನ ಪರದೆ ಹೇಳಿದರು. ಮೆಚ್ಚಿದರೆ ಕಂಪನಿಯ ಪೇಂಟರನಾಗಿ ಊರೂರಿಗೆ ಕರೆದೊಯ್ಯುವುದಾಗಿ ಮಾತು. ತಮ್ಮ ಎಲೆಗಳಿಗೆ ಗೆರೆಯನ್ನೇ ಹಾಕಲಿಲ್ಲ. ಹಸಿರು, ಹಳದಿ, ನಡುವೆ ನೇರಳೆ, ಬರೀ ಬಣ್ಣದ ತೇಪೆ. ಮುಗಿದ ದಿನ ನನ್ನನ್ನು ಅಂಗಳದಾಚೆ ಬೀದಿ ಬಾಗಿಲಲ್ಲಿ ನಿಲ್ಲಿಸಿ ಗ್ಯಾಲರಿಯಿಂದ ಪರದೆ ಇಳಿಬಿಟ್ಟ. ಆ ತೇಪೆಗಳೆಲ್ಲ ಎಲ್ಲಿ ಹೋದವೋ, ಎದುರಿಗೆ ಕಾಡೇ ನಿಂತಿತ್ತು. ಕೊಂಬೆಗಳ ಸಂದಿಯಿಂದ ಬಿಸಿಲು ಸೋರುತ್ತಿತ್ತು.

ಮ್ಯಾನೇಜರರು ಬರುವ ದಿನ ತಮ್ಮನಿಗೆ ಬೋರ್ಡಿನ ಕೆಲಸ ತಪ್ಪಿಸುವಂತಿರಲಿಲ್ಲ. ಪರದೆಯನ್ನು ಬಿದಿರಿಗೆ ಸುತ್ತಿ ಗ್ಯಾಲರಿಯ ಕಂಬಕ್ಕೆ ಕಟ್ಟಿದ. "ಅವರನ್ನ ಬಾಗಲದಾಗ ನಿಂದರ್ಸಿ ಈ ಗಂಟು ಬಿಚ್ಚು, ಅಷ್ಟ ಸಾಕು" ಎಂದು ಹೇಳಿಹೋದ.

ಅವರು ಬಂದವರು ಅಂಗಳದಲ್ಲಿ ನಿಲ್ಲದೆ ಮೆಟ್ಟಿಲು ಹತ್ತಿ ಮೇಲೇ ಬಂದರು. ಬಾಗಿ, ಸುರುಳಿಯ ಅಂಚನ್ನು ಒಂದು ಮೊಳ ಎಳೆದು ಬಿಡಿಸಿ, ಕನ್ನಡಕ ತಾಗುವಷ್ಟು ಹತ್ತಿರದಿಂದ ನೋಡಿದರು.

"ಏನ್ರಿ ಅಕ್ಕಾರ, ನಿಮ್ಮ ತಮ್ಮ ಪರದೆ ಬರದಾನೋ, ಬಣ್ಣದ ಕೈ ಒರಸ್ಯಾನೋ?"

ಗಂಟು ನನ್ನ ಕೈಯಲ್ಲೇ ಇತ್ತು. ಕೆಳಗೆ ಹೋಗಿ ನಿಂದರ್ರಿ ಎಂದಿದ್ದರೆ ಆಗಿತ್ತು. ಪರ ಗಂಡಸಿನೆದುರು ಮಾತು ಹೊರಡಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಂಡಯಿ ಮಾರುಕಟ್ಟೆಯ ಕಾಯಿಪಲ್ಲೆಯವರ ಜೊತೆ ಮರಾಠಿಯಲ್ಲಿ ಜಗಳಾಡುತ್ತಿದ್ದವಳು ನಾನು. ಕಂಪನಿಯವರು ಅವನನ್ನು ಕರೆದೊಯ್ದರೆ ನಾನೆಲ್ಲಿಗೆ ಹೋಗಲಿ? ಮತ್ತೆ ಅತ್ತೆಮನೆಯ ಒಲೆಯ ಮುಂದೆಯೇ? ಗಂಟು ಹಿಡಿದುಕೊಂಡು ಆಗ ಯೋಚಿಸುತ್ತಿದ್ದದ್ದು ಅದನ್ನು.

"ಇನ್ನೂ ಮುಗದಿಲ್ಲೇನು ಇದು?"

"ಇನ್ನೂ ಆಗಬೇಕ್ರಿ" ಎಂದೆ.

"ಬಿಡ್ರಿ, ನಮ್ಮವನ ಕಡಿಂದ ಗೆರಿ ಹಾಕ್ಸಿ ಮುಗಸ್ತೀನಿ." ಸುರುಳಿಯನ್ನು ಕಂಬದಿಂದ ಬಿಡಿಸಿ, ಜೊತೆಗೆ ಬಂದಿದ್ದ ಆಳಿನ ಹೆಗಲಿಗೆ ಏರಿಸಿ ಒಯ್ದರು.

ಸಂಜೆ ತಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ ಕೇಳಿದ: "ಮ್ಯಾಲಿಂದ ಬಿಟ್ಯಲ್ಲ? ದೂರ ನಿಂತು ನೋಡಿದ್ರೇನು?"

"ಹೂಂ."

"ಏನಂದ್ರು?"

"ಗೆರಿ ಇಲ್ಲ ಅಂದ್ರು."

ಅವನು ಕಾಲು ತೊಳೆಯಲು ಹೋದ. ಬಹಳ ಹೊತ್ತು ನೀರಿನ ಸಪ್ಪಳ ಕೇಳುತ್ತಲೇ ಇತ್ತು. ಮುಂದೆ ನಾಟಕಕ್ಕೆ ಹೋದಾಗ ಒಂದೊಂದು ಎಲೆಯ ಸುತ್ತಲೂ ಕಪ್ಪು ಗೆರೆ ಎಳೆದಿದ್ದ ತನ್ನ ಕಾಡನ್ನು ನೋಡಿ ಬಂದ. ಚಿತ್ರಪುಸ್ತಕವನ್ನು ಅಟ್ಟಕ್ಕೆ ಎತ್ತಿಟ್ಟ. ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾದ. ಮದುವೆಯಾಯಿತು, ಮಗಳು ಹುಟ್ಟಿದಳು. ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಅವನು ಹಾಗೆ ಆದರದಿಂದ ಇಟ್ಟುಕೊಂಡಷ್ಟೂ ನನಗೆ ಆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

ಟಾಕಿ ಸಿನೆಮಾಗಳು ಬಂದು ಆ ಕಂಪನಿಯೂ ಮುಚ್ಚಿತು. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಅವನ ಮಗಳು ಗ್ಯಾಲರಿಯಲ್ಲಿ ಕೂತು ಅಂಗಳದ ಬೇವಿನ ಗಿಡವನ್ನು ಬರೀ ಬಣ್ಣದಿಂದ ಬರೆದಿದ್ದಳು. ತಮ್ಮ ಪೆನ್ಸಿಲು ತೆಗೆದುಕೊಂಡ.

"ಗೆರಿ ಹಾಕವ್ವಾ. ಗೆರಿ ಇಲ್ಲಂದ್ರ ಜನಕ್ಕ ಕಾಣಂಗಿಲ್ಲ."

"ದೂರದಿಂದ ಕಾಣ್ತದಪ್ಪಾ, ನೋಡು ಬೇಕಾರ."

"ಕಾಣಂಗಿಲ್ಲ. ನಾ ಮಾಡಿ ನೋಡೀನಿ. ದೂರ ನಿಂತು ನೋಡಿದವರೂ ಬ್ಯಾಡಂದ್ರು."

ಮೊರ ಅಲ್ಲೇ ಬಿಟ್ಟು ಎದ್ದೆ. ನೀರು ತರಲು ಹೋಗಲಿಲ್ಲ, ಅವನೆದುರು ಹೋಗಿ ಕೂತೆ.

"ತಮ್ಮಾ, ಅವರು ನಿನ್ನ ಕಾಡು ನೋಡ್ಲೇ ಇಲ್ಲ. ಮ್ಯಾಲೆ ಬಂದು ಒಂದು ಮೊಳ ಬಿಚ್ಚಿ ನೋಡಿದ್ರು. ಗಂಟು ನನ್ನ ಕೈಯಾಗ ಇತ್ತು, ನಾ ಬಿಚ್ಚಲಿಲ್ಲ."

ಅವನು ಪೆನ್ಸಿಲನ್ನು ಕೆಳಗಿಟ್ಟ. ಕೇಳಿದ: "ಅಂದ್ರ ಅದು ಕಾಣ್ತಿತ್ತು?"

"ಕಾಣ್ತಿತ್ತು. ಬಾಗಲದಾಗ ನಿಂತು ನಾನ ನೋಡೀನಲ್ಲ. ನೀ ಹೋಗಿಬಿಡ್ತಿ ಅಂತ ಅಂಜಿದೆ, ಅದಕ್ಕ ಸುಳ್ಳು ಹೇಳಿದೆ. ಇಷ್ಟು ವರ್ಷ ನಿನ್ನ ಕಣ್ಣೇ ತಪ್ಪು ಅಂತ ನೀ ತಿಳಕೊಂಡಿ, ನಾ ತಿಳಕೊಳ್ಳಿಕ್ಕೆ ಬಿಟ್ಟೆ. ನಂದು ತಪ್ಪಾತು, ತಮ್ಮಾ. ಕ್ಷಮಾ ಮಾಡು."