ಕ್ರೇನ್ ದಾಟಬಾರದ ಹಳದಿ ಗೆರೆ

ನಮ್ಮ ಯಜಮಾನರು ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಲೇತ್ ನಡೆಸಿದವರು. ಅಲ್ಲಿ ಎಲ್ಲರೂ ಇವರನ್ನು ‘ಮೈಕ್ರಾನ್’, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅಂತಲೇ ಕರೆಯುತ್ತಿದ್ದರು. ಮನೆಯ ಮೇಜಿನ ಕಾಲಿನಡಿ ಕಾಗದ ಮಡಿಸಿಟ್ಟು, ಒಂದು ಕಣ್ಣು ಮುಚ್ಚಿ ಮಟ್ಟ ನೋಡುವ ಆಸಾಮಿ.

ಅರ್ಧ ಸೆಕೆಂಡಿನಲ್ಲಿ ಇಲ್ಲವಾಗುವ ಪರಮಾಣುಗಳನ್ನು ಹಿಡಿದು ತೂಗುವ ಬೋನೊಂದು ಅಲ್ಲಿತ್ತು. ಅದರ ನಡುವಿನ ತಾಮ್ರದ ಉಂಗುರ ಇವರ ಕೈಯದು. ನಾನು ಓದಿದ್ದು ನಾಲ್ಕನೇ ತರಗತಿ. ಅಡುಗೆಮನೆಯಲ್ಲೇ ನನಗೆ ಪಾಠವಾಯಿತು.

“ತಕ್ಕಡಿಲಿ ಇಡೋಷ್ಟರಲ್ಲಿ ಸತ್ತೇ ಹೋಗುತ್ತೆ ಕಣೇ. ಅದಕ್ಕೇ ದೊಡ್ಡ ಅಯಸ್ಕಾಂತದೊಳಗೆ ಗಿರಗಿರ ಸುತ್ತಿಸ್ತಾರೆ. ಭಾರ ಇದ್ರೆ ನಿಧಾನ, ಹಗುರ ಇದ್ರೆ ಬೇಗ. ಸುತ್ತು ಎಣಿಸಿದ್ರೆ ತೂಕ ಸಿಕ್ತು.”

“ನಿಮ್ಮನ್ನೂ ಒಂದ್ಸಲ ಒಳಗೆ ಬಿಡ್ಲಿ. ಹೊಟ್ಟೆ ಎಷ್ಟು ಬಂದಿದೆ ಅಂತ ಗೊತ್ತಾಗುತ್ತೆ.”

ನಿವೃತ್ತಿಗೆ ಒಂದೇ ತಿಂಗಳು ಇದ್ದಾಗ ಆ ತೂಕ ಕುಣಿಯತೊಡಗಿತು. ಅದೇ ಜಾತಿಯ ಪರಮಾಣು, ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಇವರನ್ನು ಕರೆಸಿ, ಉಂಗುರ ಸೊಟ್ಟಗಿರಬೇಕು, ಬಿಚ್ಚಿಸಿಬಿಡೋಣ ಅಂದರಂತೆ. ಆ ಸಂಜೆ ಇವರು ತಟ್ಟೆ ಮುಟ್ಟಲಿಲ್ಲ.

“ಇಷ್ಟು ವರ್ಷ ದುಡಿದು, ಸೊಟ್ಟ ಕೈ ಅನ್ನಿಸ್ಕೊಂಡು ಮನೆಗೆ ಬರ್ಲಾ?”

“ಉಂಗುರ ಸೊಟ್ಟಗಿದೆಯಾ?”

“ಇಲ್ಲ.”

“ಮತ್ತೆ ನನ್ನ ಮುಂದೆ ಮುಖ ಊದಿಸ್ಕೊಂಡ್ರೆ ಏನು ಬಂತು? ಹೋಗಿ ಅವ್ರಿಗೆ ತೋರಿಸಿ.”

ಮೇಡಂ ಹತ್ತಿರ ಮೂರು ದಿನದ ಸಮಯ ಕೇಳಿಕೊಂಡರು. ಯಂತ್ರದ ಪಕ್ಕ ಸ್ಟೂಲ್ ಹಾಕಿ ಕೂತು, ಅಂಕಿ ಜಿಗಿದಾಗಲೆಲ್ಲ ಗಡಿಯಾರ ನೋಡಿ ಬರೆದರು. ಮೂರನೇ ದಿನ ಕಿವಿಗೆ ಬಿತ್ತು: ಅಂಕಿ ಜಿಗಿಯುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಗಡಗಡ ಸದ್ದು. ಇವರದೇ ವರ್ಕ್‌ಶಾಪಿನ, ಛಾವಣಿಯಡಿ ಓಡಾಡುವ ಕ್ರೇನ್! ಅಷ್ಟು ಕಬ್ಬಿಣ ಹತ್ತಿರ ಬಂದರೆ ಅಯಸ್ಕಾಂತದ ಬಲ ಎಳ್ಳಿನಷ್ಟೂ ಅಲ್ಲ, ಅದರ ಪುಡಿಯಷ್ಟು ಬದಲಾಗುತ್ತದಂತೆ. ಆ ಬೋನಿಗೆ ಅಷ್ಟೇ ಸಾಕು.

ಲೇತಿನ ಮೇಲೆ ನೆರಳು ಬೀಳುತ್ತದೆ ಎಂದು ಕ್ರೇನನ್ನು ಆ ಗೋಡೆಯ ಬಳಿ ನಿಲ್ಲಿಸುವ ಪದ್ಧತಿ ಹಿಂದಿನ ತಿಂಗಳಷ್ಟೇ ಶುರುವಾಗಿತ್ತು. ಶುರು ಮಾಡಿದವರು ಬೇರೆ ಯಾರೂ ಅಲ್ಲ, ಇವರೇ. ಮುಚ್ಚಿಡಬಹುದಿತ್ತು. ನೇರ ಹೋಗಿ ಹೇಳಿದರು:

“ಉಂಗುರ ನೆಟ್ಟಗಿದೆ ಮೇಡಂ. ತಪ್ಪು ಕ್ರೇನಿಂದು, ಅದನ್ನ ಅಲ್ಲಿ ನಿಲ್ಲಿಸಿದೋನು ನಾನು.”

ಕ್ರೇನನ್ನು ಆಚೆ ತುದಿಗೆ ಸರಿಸಿದರು. ಅಂಕಿ ಇಡೀ ದಿನ ಅಲುಗಲಿಲ್ಲ.

ನಿವೃತ್ತಿಯ ದಿನ ನಾನೂ ಹೋಗಿದ್ದೆ. ಮೇಡಂ ನನ್ನ ಕೈ ಹಿಡಿದು, “ಆ ಉಂಗುರ ಬಿಚ್ಚಲ್ಲಮ್ಮ,” ಅಂದರು. ವರ್ಕ್‌ಶಾಪಿನ ನೆಲದ ಮೇಲೆ ಹೊಸ ಹಳದಿ ಗೆರೆ. ತೂಕ ನಡೆಯುವಾಗ ಕ್ರೇನ್ ಅದನ್ನು ದಾಟುವಂತಿಲ್ಲ. ಎಲ್ಲರೂ ಹಾರ ಹಿಡಿದು ಕಾಯುತ್ತಿದ್ದರೆ ಇವರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಗೆರೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು.

ನಮ್ಮ ಯಜಮಾನರು ತೀರಿಹೋಗಿ ಆರು ವರ್ಷವಾಯಿತು. ಉಂಗುರ ಇನ್ನೂ ಅಲ್ಲೇ ಇದೆ.